ನವರಂಗ ಎಂದು ಹುಡುಕಿದರೆ ದೇವಸ್ಥಾನದ ಕಂಬಗಳು ಬರುತ್ತವೆ: ಹಕ್ಕಿಗಳ ಚಿತ್ರವನ್ನು ಹುಡುಕುವುದು ಹೇಗೆ?

ಕೆರೆಯಂಚು

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಶಾಲೆಯ ಹಿಂಬದಿಗೇ ಊರಿನ ಕೆರೆಯಿದೆ. ಕಳೆದ ವರ್ಷದಿಂದ ಏಳನೆಯ ತರಗತಿಯ ಮಕ್ಕಳು ಕೆರೆಗೂ ಸುತ್ತಲಿನ ಹೊಂಗೆ ತೋಪಿಗೂ ಬರುವ ಹಕ್ಕಿಗಳನ್ನು ನೋಡಿ ಪಟ್ಟಿ ಬರೆದಿಡುತ್ತಿದ್ದಾರೆ. ಪಟ್ಟಿಯಲ್ಲಿ ಈಗ 42 ಹೆಸರುಗಳಿವೆ. ಅವುಗಳ ಚಿತ್ರಗಳನ್ನು ಮುದ್ರಿಸಿ, ಕೆಳಗೆ ಕನ್ನಡದ ಹೆಸರು ಬರೆದು, ತರಗತಿಯ ಗೋಡೆಗೆ ಹಾಕಬೇಕೆಂಬುದು ಮಕ್ಕಳ ಆಸೆ.

ಅಂತರ್ಜಾಲದಲ್ಲಿ ವನ್ಯಜೀವಿ ಚಿತ್ರಗಳ ದೊಡ್ಡ ಸಂಗ್ರಹಗಳಿವೆಯೆಂದು ಕೇಳಿ, ಮೂರು ಸಂಜೆ ಕುಳಿತು ಹುಡುಕಿದೆ. ನವರಂಗ ಎಂದು ಟೈಪ್ ಮಾಡಿದರೆ ಹೊಯ್ಸಳ ದೇವಸ್ಥಾನಗಳ ಒಳಮಂಟಪದ ಕಂಬಗಳು ಬಂದವು. ನೀಲಕಂಠ ಎಂದರೆ ಶಿವನ ಚಿತ್ರಗಳು. ನಾಮದ ಕೋಳಿ ಎಂದಾಗ ಊರಿನ ಹುಂಜಗಳು ಕಾಣಿಸಿಕೊಂಡವು. ಬಾಯ್ಕಳಕ ಎಂಬುದಕ್ಕಂತೂ ಏನೂ ಸಿಗಲಿಲ್ಲ. ಇಂಗ್ಲಿಷ್ ಹೆಸರು ಹಾಕಿದರೆ ಸಾವಿರಾರು ಚಿತ್ರಗಳು ಬರುತ್ತವೆ, ಆದರೆ ಅವುಗಳಲ್ಲಿ ನಮ್ಮ ಕೆರೆಯ ಹಕ್ಕಿ ಯಾವುದು, ಬೇರೆ ದೇಶದ್ದು ಯಾವುದು ಎಂದು ನನಗೆ ತಿಳಿಯುವುದಿಲ್ಲ. ತಪ್ಪು ಚಿತ್ರ ಗೋಡೆಗೆ ಹೋದರೆ ಮಕ್ಕಳು ಅದನ್ನೇ ಸರಿ ಎಂದು ಕಲಿಯುತ್ತಾರೆ. ಎಲ್ಲಿ, ಹೇಗೆ ಹುಡುಕಬೇಕೆಂದು ತಿಳಿದವರು ದಯವಿಟ್ಟು ಹೇಳಿಕೊಡಿ.

ದುರ್ಬೀನು

ಟೀಚರ್, ನೀವು ಮೊದಲು ಮಾಡಬೇಕಾದದ್ದು 42 ಹೆಸರುಗಳ ಎದುರಿಗೂ ವೈಜ್ಞಾನಿಕ ಹೆಸರನ್ನು ಬರೆದುಕೊಳ್ಳುವುದು. ಯಾವ ಸಂಗ್ರಹವೇ ಆಗಲಿ, ಚಿತ್ರದೊಳಗೆ ಏನಿದೆ ಎಂದು ನೋಡಿ ಕೊಡುವುದಕ್ಕಿಂತ, ಚಿತ್ರದ ಕೆಳಗೆ ಯಾರೋ ಬರೆದಿಟ್ಟದ್ದನ್ನು ಓದಿ ಕೊಡುವುದೇ ಹೆಚ್ಚು. ಬರೆದವರಲ್ಲಿ ಬಹುಪಾಲು ಜನ ಬರೆದಿರುವುದು ವೈಜ್ಞಾನಿಕ ಹೆಸರನ್ನು. ನವರಂಗಕ್ಕೆ ಪಿಟ್ಟಾ ಬ್ರಾಕಿಯೂರಾ, ನೀಲಕಂಠಕ್ಕೆ ಕೊರಾಸಿಯಸ್ ಬೆಂಗಾಲೆನ್ಸಿಸ್, ನಾಮದ ಕೋಳಿಗೆ ಫುಲಿಕಾ ಆಟ್ರಾ, ಬಾಯ್ಕಳಕಕ್ಕೆ ಅನಾಸ್ಟೋಮಸ್ ಆಸಿಟಾನ್ಸ್ ಎಂದು ರೋಮನ್ ಲಿಪಿಯಲ್ಲಿ ಹಾಕಿ ನೋಡಿ. ಕಂಬಗಳೂ ಹುಂಜಗಳೂ ತಾವಾಗಿ ಮರೆಯಾಗುತ್ತವೆ.

ಹೊಂಗೆಮರ

ಮಕ್ಕಳ ಕೆಲಸಕ್ಕೆ ವಿಕಿಮೀಡಿಯ ಕಾಮನ್ಸ್ ಒಳ್ಳೆಯದು. 2004ರಲ್ಲಿ ಆರಂಭವಾದ ಈ ಸಂಗ್ರಹದಲ್ಲಿ ಈಗ 10 ಕೋಟಿಗೂ ಹೆಚ್ಚು ಕಡತಗಳಿವೆ. ಮುದ್ರಿಸಿಕೊಳ್ಳಲು ಯಾರನ್ನೂ ಕೇಳಬೇಕಾಗಿಲ್ಲ. ಛಾಯಾಗ್ರಾಹಕರ ಹೆಸರನ್ನೂ ಪರವಾನಗಿಯನ್ನೂ ಚಿತ್ರದ ಕೆಳಗೆ ಬರೆದರೆ ಸಾಕು.

ದುರ್ಬೀನು

ಒಪ್ಪುತ್ತೇನೆ, ಆದರೆ ಅಲ್ಲಿ ಬರಿಯ ಹೆಸರು ಹಾಕಿ ಬಂದದ್ದನ್ನೆಲ್ಲ ನೋಡುತ್ತಾ ಕುಳಿತರೆ ಸಂಜೆ ಕಳೆದುಹೋಗುತ್ತದೆ. ವೈಜ್ಞಾನಿಕ ಹೆಸರಿನ ವರ್ಗವನ್ನು ತೆರೆಯಿರಿ. ಹಾರುತ್ತಿರುವುದು, ಗೂಡು, ಮೊಟ್ಟೆ, ದೇಶ ಎಂದು ಅದರೊಳಗೆ ಒಳವರ್ಗಗಳಿರುವುದುಂಟು. ಹುಡುಕುವ ಪುಟದಲ್ಲಿ ಚಿತ್ರದ ಗಾತ್ರ, ಪರವಾನಗಿ, ಸಮುದಾಯವು ಗುಣಮಟ್ಟವನ್ನು ಒಪ್ಪಿದೆಯೇ ಎಂಬ ಸೋಸುವ ಆಯ್ಕೆಗಳೂ ಇವೆ. ಗೋಡೆಗೆ ಹಾಕುವುದಾದರೆ ದೊಡ್ಡ ಗಾತ್ರದ್ದನ್ನೇ ಆರಿಸಿ, ಸಣ್ಣದನ್ನು ಹಿಗ್ಗಿಸಿ ಮುದ್ರಿಸಿದರೆ ಹಕ್ಕಿಯ ಕಣ್ಣು ಕಲಸಿಹೋಗುತ್ತದೆ.

ಸೊಪ್ಪಿನಬೆಟ್ಟ

ವೈಜ್ಞಾನಿಕ ಹೆಸರು ಕೀಲಿಕೈ ಎಂಬುದು ನಿಜ. ಆದರೆ ಆ ಕೀಲಿಕೈಯೂ ಆಗಾಗ ಬದಲಾಗುತ್ತದೆ ಎಂಬುದನ್ನು ಟೀಚರ್ ಅವರಿಗೆ ಯಾರೂ ಹೇಳಲಿಲ್ಲ. ನಿಮ್ಮ ಕೆರೆಯ ಜೊಂಡಿನಲ್ಲಿ ನೇರಳೆ ಜಂಬುಕೋಳಿ ಇದ್ದೇ ಇರುತ್ತದೆ. ಹಳೆಯ ಪುಸ್ತಕಗಳಲ್ಲಿ ಅದರ ಹೆಸರು ಪೋರ್ಫಿರಿಯೊ ಪೋರ್ಫಿರಿಯೊ. ಈಗ ತಜ್ಞರು ಅದನ್ನು ಹಲವು ಪ್ರಭೇದಗಳಾಗಿ ಒಡೆದಿದ್ದಾರೆ. ನಮ್ಮ ಕಡೆಯದು ಪೋರ್ಫಿರಿಯೊ ಪೋಲಿಯೊಸೆಫಾಲಸ್, ಅಂದರೆ ಬೂದುತಲೆಯದು. ಹಳೆಯ ಹೆಸರು ಈಗ ಸ್ಪೇನ್ ಮತ್ತು ಮೆಡಿಟರೇನಿಯನ್ ಪಶ್ಚಿಮ ಭಾಗದ ಹಕ್ಕಿಗೆ ಉಳಿದಿದೆ. ಹಳೆಯ ಹೆಸರಿನಿಂದ ಹುಡುಕಿ ಮೊದಲ ಚಿತ್ರವನ್ನು ತೆಗೆದುಕೊಂಡರೆ ಹಾಸನದ ಗೋಡೆಯ ಮೇಲೆ ಸ್ಪೇನಿನ ಹಕ್ಕಿ ಕೂರುತ್ತದೆ. ನಮ್ಮ ಹಕ್ಕಿಯ ತಲೆ ಮಸುಕು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಅಲ್ಲಿಯದರ ತಲೆ ಗಾಢ ನೀಲಿ.

ನೀಲಕಂಠದಲ್ಲೂ ಇದೇ ತೊಡಕಿದೆ. ಥಾಯ್ಲೆಂಡ್ ಕಡೆಯಲ್ಲಿ ತೆಗೆದ ಅನೇಕ ಹಳೆಯ ಚಿತ್ರಗಳ ಕೆಳಗೆ ಇಂಡಿಯನ್ ರೋಲರ್ ಎಂಬ ನೀಲಕಂಠದ ಇಂಗ್ಲಿಷ್ ಹೆಸರನ್ನೇ ಬರೆದಿದೆ. ಆ ಕಡೆಯ ಹಕ್ಕಿಯನ್ನು ಈಗ ಕೊರಾಸಿಯಸ್ ಅಫಿನಿಸ್ ಎಂಬ ಬೇರೆ ಪ್ರಭೇದವಾಗಿ ಎಣಿಸುತ್ತಾರೆ. ಎದೆಯನ್ನು ಹತ್ತಿರದಿಂದ ನೋಡಿ. ನಮ್ಮ ನೀಲಕಂಠದ ಕೆನ್ನೆ, ಕೊರಳು, ಎದೆಗಳ ಕಂದು ಬಣ್ಣದ ಮೇಲೆ ಬಿಳಿಯ ಸಣ್ಣ ಗೀರುಗಳಿರುತ್ತವೆ. ಅಲ್ಲಿಯದರ ಎದೆ ಗೀರಿಲ್ಲದೆ ನೇರಳೆ ಬಣ್ಣಕ್ಕೆ ವಾಲಿರುತ್ತದೆ. ಕರ್ನಾಟಕದ ರಾಜ್ಯ ಪಕ್ಷಿಯ ಜಾಗದಲ್ಲಿ ಬೇರೆ ನಾಡಿನ ಹಕ್ಕಿಯ ಚಿತ್ರ ಇರಬಾರದೆಂದು ನಾನು ಇಷ್ಟು ವಿವರವಾಗಿ ಬರೆದೆ.

ಕೆರೆಯಂಚು

ಸೊಪ್ಪಿನಬೆಟ್ಟ ಅವರೇ, ನಾನು ಇಳಿಸಿಕೊಂಡಿದ್ದ ನೀಲಕಂಠದ ಚಿತ್ರವನ್ನು ಈಗ ತೆರೆದು ನೋಡಿದೆ. ಎದೆಯ ಮೇಲೆ ಒಂದು ಗೀರೂ ಇಲ್ಲ. ಅದನ್ನು ಅಳಿಸಿದ್ದೇನೆ. ಹಾಗಾದರೆ ಚಿತ್ರವನ್ನು ಎಲ್ಲಿ ತೆಗೆದದ್ದು ಎಂಬುದನ್ನು ಮೊದಲು ನೋಡಬೇಕೇ?

ಬಂಡೆಮೇಲಿನವ

ಹೌದು ಮೇಡಂ, ಮೊದಲು ಸ್ಥಳ, ಆಮೇಲೆ ತಿಂಗಳು. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮೆಕಾಲೆ ಸಂಗ್ರಹದಲ್ಲಿ ಹಕ್ಕಿಯ ಹೆಸರಿನ ಜೊತೆಗೆ ಕರ್ನಾಟಕ ಎಂದು ಸ್ಥಳವನ್ನೂ, ಜೂನ್‌ನಿಂದ ಸೆಪ್ಟೆಂಬರ್ ಎಂದು ತಿಂಗಳನ್ನೂ, ವಯಸ್ಸು, ಗಂಡು, ಹೆಣ್ಣು ಎಂಬುದನ್ನೂ ಆರಿಸಬಹುದು. ಇ-ಬರ್ಡ್‌ನಲ್ಲಿ ಹಕ್ಕಿ ನೋಡಿದವರು ಪಟ್ಟಿಯೊಂದಿಗೆ ಏರಿಸುವ ಚಿತ್ರಗಳೆಲ್ಲ ಅಲ್ಲಿಗೇ ಸೇರುವುದರಿಂದ ಪ್ರತಿ ಚಿತ್ರಕ್ಕೂ ದಿನಾಂಕ ಮತ್ತು ಸ್ಥಳ ಇರುತ್ತದೆ.

ತಿಂಗಳು ಏಕೆ ಮುಖ್ಯವೆಂದು ಒಂದು ಉದಾಹರಣೆ ಕೊಡುತ್ತೇನೆ. ಉದ್ದ ಬಾಲದ ದೇವನಕ್ಕಿಯನ್ನು ಮಳೆಗಾಲದಲ್ಲಿ ನೋಡಿದರೆ ಕುತ್ತಿಗೆಯ ಹಿಂದೆ ಚಿನ್ನದ ಬಣ್ಣ, ಹಿಂದಕ್ಕೆ ಬಾಗಿದ ಉದ್ದನೆಯ ಕಪ್ಪು ಬಾಲ. ಅದೇ ಹಕ್ಕಿಯನ್ನು ಡಿಸೆಂಬರ್‌ನಲ್ಲಿ ನೋಡಿದರೆ ಬಾಲವೂ ಇಲ್ಲ, ಬೆನ್ನೆಲ್ಲ ಮಂಕು ಕಂದು. ನಿಮ್ಮ ಮಕ್ಕಳು ಚಳಿಗಾಲದಲ್ಲಿ ಪಟ್ಟಿ ಮಾಡಿದ್ದು, ನೀವು ಮಳೆಗಾಲದ ಚಿತ್ರ ಹಾಕಿದ್ದರೆ, ಇದು ನಮ್ಮ ಹಕ್ಕಿಯಲ್ಲ ಎಂದು ಅವರೇ ತಕರಾರು ತೆಗೆಯುತ್ತಾರೆ. ಬಾಯ್ಕಳಕದಲ್ಲೂ ಹಾಗೆಯೇ. ಕೊಕ್ಕಿನ ನಡುವಿನ ಸಂದು ಬೆಳೆದ ಹಕ್ಕಿಗೆ ಮಾತ್ರ ಇರುತ್ತದೆ, ಮರಿಗೆ ಇರುವುದಿಲ್ಲ. ಎರಡು ಚಿತ್ರಗಳನ್ನು ಒಟ್ಟಿಗೆ ಹಾಕಿದರೆ ಅದೇ ಒಂದು ಪಾಠವಾಗುತ್ತದೆ.

ಕಾಯ್ದೆಪಾಲಕ

ಬಂಡೆಮೇಲಿನವರು ಒಂದು ಮಾತನ್ನು ಬಿಟ್ಟರು. ಮೆಕಾಲೆ ಸಂಗ್ರಹದ ಚಿತ್ರಗಳ ಹಕ್ಕು ಛಾಯಾಗ್ರಾಹಕರ ಬಳಿಯೇ ಇರುತ್ತದೆ. ನೋಡಿ ಕಲಿಯಲು, ಗುರುತಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ಅಲ್ಲಿಂದ ಇಳಿಸಿ ಮುದ್ರಿಸುವ ಮೊದಲು ಅನುಮತಿ ಕೇಳಬೇಕು. ಜನರು ತಾವು ಕಂಡ ಜೀವಿಗಳ ಚಿತ್ರ ಏರಿಸಿ ಗುರುತಿಸುವ ಐ-ನ್ಯಾಚುರಲಿಸ್ಟ್ ಜಾಲತಾಣದಲ್ಲಿ ಏರಿಸಿದವರು ಬೇರೆ ಆಯ್ಕೆ ಮಾಡದಿದ್ದರೆ ವಾಣಿಜ್ಯೇತರ ಬಳಕೆಯ ಪರವಾನಗಿ ಇರುತ್ತದೆ. ಶಾಲೆಯ ಗೋಡೆಗೆ ತೊಂದರೆಯಿಲ್ಲ. ಅದೇ ಚಿತ್ರದಿಂದ ಕ್ಯಾಲೆಂಡರ್ ಮಾಡಿ ಮಾರಿದರೆ ತಪ್ಪಾಗುತ್ತದೆ. ಕಾಮನ್ಸ್‌ನಲ್ಲಿ ಮಾರಾಟಕ್ಕೂ ಅನುಮತಿಯಿದೆ, ಆದರೆ ಹೆಚ್ಚಿನ ಚಿತ್ರಗಳಿಗೆ ಹೆಸರು ಹಾಕುವುದು ಕಡ್ಡಾಯ. ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ಉಚಿತ ಎಂಬ ಭಾವನೆ ನಮ್ಮಲ್ಲಿ ತುಂಬಾ ಬೇರೂರಿದೆ.

ಮಂಗಟ್ಟೆ

ಕಾಯ್ದೆಪಾಲಕರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ದಾಂಡೇಲಿಯಲ್ಲಿ ಬೆಳಗಿನ ಜಾವದಿಂದ ಐದು ದಿನ ಕಾದು ತೆಗೆದ ಮಂಗಟ್ಟೆಯ ಚಿತ್ರವೊಂದನ್ನು ನನ್ನ ಹೆಸರು ಹಾಕಬೇಕೆಂಬ ಷರತ್ತಿನ ಮೇಲೆ ಮುಕ್ತ ಸಂಗ್ರಹಕ್ಕೆ ಏರಿಸಿದ್ದೆ. ಎರಡು ವರ್ಷಗಳ ಮೇಲೆ ಅದು ಒಂದು ಪ್ರವಾಸಿ ಕರಪತ್ರದಲ್ಲಿ ಹೆಸರಿಲ್ಲದೆ ಕಾಣಿಸಿತು. ನನಗೆ ದುಡ್ಡು ಬೇಕಿರಲಿಲ್ಲ. ಕೆಳಗೆ ಒಂದು ಸಾಲು ಹೆಸರು ಇದ್ದಿದ್ದರೆ ನನ್ನ ಅಮ್ಮನಿಗೆ ತೋರಿಸುತ್ತಿದ್ದೆ. ಟೀಚರ್, ನಿಮ್ಮ ಚಿತ್ರಪಟದಲ್ಲಿ ಪ್ರತಿ ಹಕ್ಕಿಯ ಕೆಳಗೂ ಚಿತ್ರ ತೆಗೆದವರ ಹೆಸರು ಬರೆಯಲು ಮಕ್ಕಳಿಗೆ ಹೇಳಿ.

ನುಡಿಗಂಟು

ಇಲ್ಲಿಯವರೆಗೆ ಎಲ್ಲರೂ ವೈಜ್ಞಾನಿಕ ಹೆಸರನ್ನು ಹೇಳಿಕೊಟ್ಟಿರಿ. ಟೀಚರ್ ಕೇಳಿದ್ದು ಅದೊಂದನ್ನೇ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಏಳನೆಯ ತರಗತಿಯ ಹುಡುಗಿ ನವರಂಗ ಎಂದು ಟೈಪ್ ಮಾಡಿದಾಗ ಹಕ್ಕಿ ಏಕೆ ಬರಬಾರದು? ಹುಡುಕಲು ಲ್ಯಾಟಿನ್ ಕಲಿತು ಬಾ ಎಂದು ಆ ಮಗುವಿಗೆ ಹೇಳುವುದು ನ್ಯಾಯವಲ್ಲ.

ದುರ್ಬೀನು

ನುಡಿಗಂಟು ಅವರೇ, ಕನ್ನಡದ ಮೇಲೆ ನನಗೂ ಅಷ್ಟೇ ಪ್ರೀತಿಯಿದೆ. ಆದರೆ ಕನ್ನಡದ ಹೆಸರುಗಳು ಊರಿಗೊಂದು. ನಮ್ಮ ಅಜ್ಜಿಯ ಊರಿನಲ್ಲಿ ಕಿರುಬ ಎಂದರೆ ಚಿರತೆ. ಪುಸ್ತಕಗಳಲ್ಲಿ ಕಿರುಬ, ಕತ್ತೆಕಿರುಬ ಎಂದರೆ ಹೈನಾ. ಕೆಂಪು ಕಾಡುನಾಯಿಗೆ ಸೀಳುನಾಯಿ, ಕೆನ್ನಾಯಿ ಎಂದೆಲ್ಲ ಕರೆಯುತ್ತಾರೆ. ಜಂಬುಕೋಳಿ, ನೀರುಕೋಳಿ ಎಂಬ ಹೆಸರುಗಳು ಕೆರೆಯಿಂದ ಕೆರೆಗೆ ಬೇರೆ ಬೇರೆ ಹಕ್ಕಿಗಳಿಗೆ ಅಂಟಿಕೊಂಡಿವೆ. ಇದನ್ನು ನಂಬಿ ಹುಡುಕಿದರೆ ಗೊಂದಲವೇ ಹೆಚ್ಚು.

ನುಡಿಗಂಟು

ಹೆಸರು ಹಲವಿರುವುದು ದೋಷವಲ್ಲ. ವಿಕಿಪೀಡಿಯದ ಸೋದರ ಯೋಜನೆಯಾದ ವಿಕಿಡೇಟಾ ಎಂಬ ಮಾಹಿತಿ ಕೋಶದಲ್ಲಿ ಪ್ರತಿ ಪ್ರಭೇದಕ್ಕೂ ಒಂದೊಂದು ಪುಟವಿದೆ, ಅದರಲ್ಲಿ ಕನ್ನಡದ ಮುಖ್ಯ ಹೆಸರಿನ ಜೊತೆಗೆ ಎಷ್ಟು ಪರ್ಯಾಯ ಹೆಸರುಗಳನ್ನು ಬೇಕಾದರೂ ಸೇರಿಸಬಹುದು. ಕಾಮನ್ಸ್‌ನಲ್ಲಿ ಚಿತ್ರದ ಪುಟದಲ್ಲಿ ಇದರಲ್ಲಿ ಏನಿದೆ ಎಂಬ ಜಾಗಕ್ಕೆ ಆ ಪ್ರಭೇದವನ್ನು ಜೋಡಿಸಿದರೆ, ಕನ್ನಡದ ಹೆಸರಿನಿಂದ ಹುಡುಕಿದವರಿಗೂ ಆ ಚಿತ್ರ ಸಿಗುವ ದಾರಿ ತೆರೆಯುತ್ತದೆ. ಐ-ನ್ಯಾಚುರಲಿಸ್ಟ್‌ನಲ್ಲಿಯೂ ಪ್ರಭೇದದ ಪುಟಕ್ಕೆ ಕನ್ನಡದ ಹೆಸರನ್ನು ಸದಸ್ಯರೇ ಸೇರಿಸಬಹುದು. ಅಜ್ಜಿಯ ಕಿರುಬವನ್ನು ಚಿರತೆಯ ಪುಟದಲ್ಲಿಯೂ ಬರೆಯಿರಿ, ಹೈನಾದ ಪುಟದಲ್ಲಿಯೂ ಬರೆಯಿರಿ. ಹುಡುಕಿದವರಿಗೆ ಎರಡೂ ಕಾಣಲಿ, ಚಿತ್ರ ನೋಡಿ ಅವರೇ ಆರಿಸಿಕೊಳ್ಳುತ್ತಾರೆ. ಇಂಗ್ಲಿಷಿನವರೂ ಹಾಗೆಯೇ ಮಾಡಿದ್ದಾರೆ, ಅವರ ಹೆಸರುಗಳೂ ಒಂದೇ ದಿನದಲ್ಲಿ ಒಂದೇ ಆಗಿಬಿಟ್ಟಿರಲಿಲ್ಲ. ಕನ್ನಡದಲ್ಲಿ ಹೆಸರಿಲ್ಲವೆಂದು ಹುಡುಕುವ ಪೆಟ್ಟಿಗೆಯನ್ನು ದೂರುವುದಕ್ಕಿಂತ, ನಾವು ಅಲ್ಲಿ ಹೆಸರನ್ನು ಬರೆದಿಲ್ಲವೆಂದು ಒಪ್ಪಿಕೊಳ್ಳುವುದು ಸರಿಯೆಂದು ನನಗೆ ತೋರುತ್ತದೆ.

ಅಕ್ಷರಶಿಲ್ಪ

ನುಡಿಗಂಟು ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕನ್ನಡದಲ್ಲಿ ಹುಡುಕುವಾಗ ಇರುವ ಇನ್ನೆರಡು ತೊಡಕುಗಳನ್ನೂ ಹೇಳಬೇಕು. ಮೊದಲನೆಯದು ವಿಭಕ್ತಿ. ಯಾರೋ ಒಬ್ಬರು ಚಿತ್ರದ ಕೆಳಗೆ ನವಿಲಿನ ನೃತ್ಯ ಎಂದು ಬರೆದಿರುತ್ತಾರೆ, ನೀವು ನವಿಲು ಎಂದು ಹುಡುಕುತ್ತೀರಿ. ನಮಗೆ ಎರಡೂ ಒಂದೇ, ಅನೇಕ ಹುಡುಕು ಯಂತ್ರಗಳಿಗೆ ಅವು ಬೇರೆ ಬೇರೆ ಪದಗಳು. ಆದ್ದರಿಂದ ಶೀರ್ಷಿಕೆ ಬರೆಯುವಾಗ ಹಕ್ಕಿಯ ಹೆಸರನ್ನು ಪ್ರತ್ಯಯವಿಲ್ಲದೆ ಒಮ್ಮೆಯಾದರೂ ಬರೆಯಬೇಕು.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. ಹಾರ್ನ್‌ಬಿಲ್ ಎಂದು ಬರೆಯುವಾಗ ನಕಾರದ ಕೆಳಗೆ ಬಕಾರ ಒತ್ತಕ್ಷರವಾಗಿ ಇಳಿಯದಂತೆ ನಡುವೆ ಒಂದು ಅದೃಶ್ಯ ಗುರುತು ಕೂರುತ್ತದೆ. ಕೆಲವು ಕೀಲಿಮಣೆಗಳು ಅದನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಆ ಗುರುತನ್ನು ಲೆಕ್ಕಿಸುವ ಯಂತ್ರದಲ್ಲಿ ಒಂದು ರೂಪದಲ್ಲಿ ಬರೆದದ್ದು ಇನ್ನೊಂದು ರೂಪದಲ್ಲಿ ಹುಡುಕಿದವರಿಗೆ ಸಿಗದೆಹೋಗುತ್ತದೆ. ಮಂಗಟ್ಟೆ ಎಂಬ ನಮ್ಮದೇ ಪದಕ್ಕೆ ಈ ತೊಂದರೆಯೇ ಇಲ್ಲ ಎಂಬುದನ್ನು ಗಮನಿಸಿ.

ಕಾಡುಪಾಪ

ಚಿತ್ರ ಏರಿಸುವ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳುತ್ತೇನೆ. ಮೊಬೈಲ್‌ನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ಅಕ್ಷಾಂಶ ರೇಖಾಂಶಗಳು ಅಡಗಿರಬಹುದು. ಕೆರೆಯ ಬೆಳ್ಳಕ್ಕಿಗೆ ಅದರಿಂದ ತೊಂದರೆಯಿಲ್ಲ. ಆದರೆ ಕಾಡುಪಾಪ, ನಕ್ಷತ್ರ ಆಮೆಯಂಥವುಗಳ ಜಾಗ ಹೊರಬಿದ್ದರೆ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಮೂಢನಂಬಿಕೆಯ ಮಾಟಮಂತ್ರಕ್ಕಾಗಿ ಕಾಡುಪಾಪವನ್ನು ಹಿಡಿಯುವುದು ಇಂದಿಗೂ ನಿಂತಿಲ್ಲ. ಐ-ನ್ಯಾಚುರಲಿಸ್ಟ್ ಅಪಾಯದಲ್ಲಿರುವ ಪ್ರಭೇದಗಳ ನಿಖರ ಜಾಗವನ್ನು ಮರೆಮಾಡಿ, 0.2 ಡಿಗ್ರಿ ಅಳತೆಯ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ತೋರಿಸುತ್ತದೆ. ಬೇರೆ ಕಡೆಗಳಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು. ಗೂಡಿನ ಹತ್ತಿರ ಹೋಗಿ ಚಿತ್ರ ತೆಗೆಯಬಾರದೆಂಬುದನ್ನೂ ಮಕ್ಕಳಿಗೆ ಈಗಲೇ ಹೇಳಿಕೊಡಿ.

ಹೊಂಗೆಮರ

ಇನ್ನೊಂದು ಮಾತು. ಸಾಮಾನ್ಯ ಹುಡುಕು ಯಂತ್ರದಲ್ಲಿ ನವಿಲಿನ ಮರಿ ಎಂದು ಹುಡುಕಿದರೆ ಕೃತಕ ಬುದ್ಧಿಮತ್ತೆ ರಚಿಸಿದ ಸುಳ್ಳು ಚಿತ್ರಗಳು ಬರುತ್ತಿವೆ. ಬಿಳಿಯ ಮೈ, ನೀಲಿ ತಲೆ, ಪುಟ್ಟ ಬಾಲದಲ್ಲಿ ಆಗಲೇ ಬಿಡಿಸಿದ ಕಣ್ಣುಗಳು. ನನ್ನ ಮಗಳು ಅದನ್ನೇ ತನ್ನ ಯೋಜನಾ ಪುಸ್ತಕಕ್ಕೆ ಅಂಟಿಸಿದ್ದಳು. ನಿಜವಾದ ಮರಿ ಕೋಳಿಮರಿಯಂತೆ ಕಂದು ಬಣ್ಣದ್ದು, ನೆಲದ ಎಲೆಗಳ ನಡುವೆ ಕಾಣದಂತೆ ಅಡಗುವಂಥದ್ದು. ಸ್ಥಳ, ದಿನಾಂಕ, ತೆಗೆದವರ ಹೆಸರು ಇಲ್ಲದ ಚಿತ್ರವನ್ನು ಮಕ್ಕಳ ಮುಂದೆ ಇಡಬೇಡಿ.

ಬಂಡೆಮೇಲಿನವ

ಗುರುತಿಸಿದ್ದು ಸರಿಯೇ ಎಂಬ ಅನುಮಾನವಿದ್ದರೆ ಐ-ನ್ಯಾಚುರಲಿಸ್ಟ್‌ನಲ್ಲಿ ಸಂಶೋಧನಾ ದರ್ಜೆ ಎಂದು ಗುರುತಾದವುಗಳನ್ನು ಮಾತ್ರ ಸೋಸಿ ನೋಡಿ. ಗುರುತಿಸಿದವರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಪ್ರಭೇದವೆಂದು ಒಪ್ಪಿದ ಮೇಲೆ ಆ ದರ್ಜೆ ಸಿಗುತ್ತದೆ. ಅಲ್ಲಿಯೂ ತಪ್ಪು ಇರಬಹುದು, ಆದರೆ ಕಡಿಮೆ. ಚಿಟ್ಟೆಗಳಿಗೆ ಹೋದಾಗ ಮೊಟ್ಟೆ, ಹುಳು, ಕೋಶ, ಪ್ರೌಢ ಚಿಟ್ಟೆ ಎಂಬ ಹಂತಗಳ ಪ್ರಕಾರವೂ ಸೋಸಬಹುದು. ನಮ್ಮ ದೇಶದ್ದೇ ಆದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ 2008ರಿಂದ ನಡೆಯುತ್ತಿದೆ, ಅದನ್ನೂ ನೋಡಿ.

ಸೊಪ್ಪಿನಬೆಟ್ಟ

ನನ್ನ ಮನಸ್ಸಿನಲ್ಲಿರುವ ಒಂದು ಕೊರಗನ್ನು ಇಲ್ಲಿ ಹೇಳುತ್ತೇನೆ. ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಕಾಲದಲ್ಲಿ ಫಿಲ್ಮ್‌ನಲ್ಲಿ ತೆಗೆದ ಎಷ್ಟೋ ಚಿತ್ರಗಳು ಕರ್ನಾಟಕದ ಮನೆಮನೆಗಳ ಕಪಾಟುಗಳಲ್ಲಿ ಬೂಸ್ಟು ಹಿಡಿಯುತ್ತಿವೆ. ಯಾವ ಕೆರೆಯಲ್ಲಿ ಯಾವ ಹಕ್ಕಿ ಇತ್ತು ಎಂಬುದಕ್ಕೆ ಅವೇ ಸಾಕ್ಷಿ. ಅವು ಅಂತರ್ಜಾಲಕ್ಕೆ ಬರದಿದ್ದರೆ, ನಾವು ಎಷ್ಟು ಚೆನ್ನಾಗಿ ಹುಡುಕಲು ಕಲಿತರೂ 40 ವರ್ಷಗಳ ಹಿಂದಿನ ಕೆರೆ ನಮಗೆ ಸಿಗುವುದಿಲ್ಲ. ಮನೆಯಲ್ಲಿ ಹಿರಿಯರ ಸ್ಲೈಡುಗಳಿದ್ದವರು ದಯವಿಟ್ಟು ಸ್ಕ್ಯಾನ್ ಮಾಡಿಸಿ, ಚೌಕಟ್ಟಿನ ಮೇಲೆ ಅವರು ಪೆನ್ಸಿಲ್‌ನಲ್ಲಿ ಬರೆದ ಊರು ಮತ್ತು ತಾರೀಖನ್ನೂ ಜೊತೆಗೇ ಬರೆದಿಡಿ.

ಕೆರೆಯಂಚು

ಎಲ್ಲರಿಗೂ ತುಂಬಾ ಕೃತಜ್ಞತೆಗಳು. ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. 42ರಲ್ಲಿ 36 ಹಕ್ಕಿಗಳಿಗೆ ಕಾಮನ್ಸ್‌ನಲ್ಲಿ ಭಾರತದಲ್ಲೇ ತೆಗೆದ ಚಿತ್ರಗಳು ಸಿಕ್ಕಿವೆ. ದೇವನಕ್ಕಿಗೆ ಮಳೆಗಾಲದ್ದೊಂದು, ಚಳಿಗಾಲದ್ದೊಂದು ಹಾಕಿದ್ದೇವೆ. ನೀಲಕಂಠದ ಎದೆಯ ಗೀರುಗಳನ್ನು ಮಕ್ಕಳು ಭೂತಗನ್ನಡಿಯಿಟ್ಟು ಎಣಿಸಿದರು. ದುರ್ಬೀನು ಅವರು ಹೇಳಿದಂತೆ ವೈಜ್ಞಾನಿಕ ಹೆಸರನ್ನೂ, ನುಡಿಗಂಟು ಅವರು ಹೇಳಿದಂತೆ ಮಕ್ಕಳ ಮನೆಗಳಲ್ಲಿ ಕರೆಯುವ ಹೆಸರನ್ನೂ ಪ್ರತಿ ಚಿತ್ರದ ಕೆಳಗೆ ಬರೆದಿದ್ದೇವೆ. ಮಂಗಟ್ಟೆ ಅವರೇ, ಚಿತ್ರ ತೆಗೆದವರ ಹೆಸರುಗಳನ್ನು ಮಕ್ಕಳೇ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ನಿನ್ನೆ ಸಂಜೆ ನಾನೂ ನನ್ನ ಮೊಬೈಲ್‌ನಿಂದ ನಮ್ಮ ಕೆರೆಯ ನಾಮದ ಕೋಳಿಯ ಎರಡು ಚಿತ್ರಗಳನ್ನು ಕಾಮನ್ಸ್‌ಗೆ ಏರಿಸಿ ಕನ್ನಡದಲ್ಲಿ ಶೀರ್ಷಿಕೆ ಬರೆದೆ. ಇನ್ನು ಮುಂದೆ ಯಾರಾದರೂ ನಾಮದ ಕೋಳಿ ಎಂದು ಹುಡುಕಿದರೆ ಹುಂಜದ ಜೊತೆಗೆ ಇದೂ ಸಿಗಲಿ.

ಸೊಪ್ಪಿನಬೆಟ್ಟ

ನೋಡಿದೆ ಟೀಚರ್, ತುಂಬಾ ಸಂತೋಷವಾಯಿತು. ಮೊದಲನೆಯ ಚಿತ್ರ ಸರಿಯಾಗಿದೆ, ಬಿಳಿಯ ಕೊಕ್ಕೂ ಹಣೆಯ ಮೇಲಿನ ಬಿಳಿಯ ನಾಮವೂ ಸ್ಪಷ್ಟವಾಗಿವೆ. ಎರಡನೆಯದರಲ್ಲಿ ಹಿಂದೆ ಜೊಂಡಿನ ಹತ್ತಿರ ಇರುವ ಹಕ್ಕಿಯ ಹಣೆ ಕೆಂಪಾಗಿದೆ, ಕೊಕ್ಕಿನ ತುದಿ ಹಳದಿ, ಪಕ್ಕೆಯ ಉದ್ದಕ್ಕೂ ಒಂದು ಬಿಳಿಯ ಗೆರೆಯಿದೆ. ಅದು ಇಂಗ್ಲಿಷಿನಲ್ಲಿ ಮೂರ್‌ಹೆನ್ ಎನ್ನುವ ಹಕ್ಕಿ, ಗ್ಯಾಲಿನುಲಾ ಕ್ಲೋರೋಪಸ್. ಶೀರ್ಷಿಕೆಯಲ್ಲಿ ಎರಡೂ ಹೆಸರುಗಳನ್ನು ಬರೆಯಿರಿ.

ಕೆರೆಯಂಚು

ಈಗಲೇ ತಿದ್ದಿದೆ. ಮಕ್ಕಳ ಪಟ್ಟಿಯಲ್ಲಿ ಈ ಹಕ್ಕಿ ಇರಲಿಲ್ಲ, ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಎಲ್ಲರೂ ಕೆರೆಯ ಏರಿಗೆ ಹೋಗಿ ನೋಡುತ್ತೇವೆ. ಇದನ್ನು ನಮ್ಮೂರಿನಲ್ಲಿ ಏನೆಂದು ಕರೆಯುತ್ತಾರೆಂದು ಅಲ್ಲಿ ಬಟ್ಟೆ ಒಗೆಯಲು ಬರುವ ಅಜ್ಜಿಯರನ್ನು ಕೇಳಿ ಬರೆಯುತ್ತೇನೆ.